ದೇವರಲ್ಲ, ಸತ್ತವರ ಮನೆ

ಪಾಂಡವರ ಮನೆಗೆ ಮೊದಲ ಸುತ್ತಿಗೆ ಏಟು ಹಾಕಿದವಳು ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ನಡೆದದ್ದನ್ನು ಕೇಳಿದ ಕೆಲವರು, ನಾವು ತಲೆತಲಾಂತರದಿಂದ ಆ ಕಲ್ಲುಗಳನ್ನು ಕಾಯುತ್ತಿದ್ದವರು ಎಂದುಕೊಳ್ಳುತ್ತಾರೆ. ಹಾಗೇನೂ ಇರಲಿಲ್ಲ. ಆ ಗುಡ್ಡಕ್ಕೆ ನಾವು ಹೋದದ್ದು ಕೂಲಿಗೆ.

ನನಗಾಗ ಹದಿನೆಂಟೋ ಹತ್ತೊಂಬತ್ತೋ. ಊರು ಭಾವಿಕೇರಿ. ಅಂಕೋಲೆ ಸೀಮೆಯಲ್ಲಿ ಜನ ಉಪ್ಪು ಮಾಡಿ ಜೈಲಿಗೆ ಹೋಗಿ, ತೆರಿಗೆ ಕೊಡುವುದಿಲ್ಲವೆಂದು ಹಟ ಹಿಡಿದು ಜಮೀನು ಕಳೆದುಕೊಂಡು ತಿರುಗಿ ಬಂದ ವರ್ಷಗಳು ಅವು. ನಮಗೆ ಕಳೆದುಕೊಳ್ಳಲು ಜಮೀನೇ ಇರಲಿಲ್ಲ. ಮಳೆಗಾಲದಲ್ಲಿ ಒಡೆಯರ ಗದ್ದೆ, ಬೇಸಿಗೆಯಲ್ಲಿ ಎಲ್ಲಿ ಕೆಲಸ ಸಿಕ್ಕರೆ ಅಲ್ಲಿ. ಆ ಬೇಸಿಗೆ ಹಿಲ್ಲೂರಿನ ಕಡೆ ಹೋಗುವ ರಸ್ತೆಯನ್ನು ಅಗಲ ಮಾಡುತ್ತಿದ್ದರು. ಅವ್ವಿಯೂ ನಾನೂ ಊರಿನ ಇನ್ನೂ ಹತ್ತು ಹೆಂಗಸರ ಜೊತೆ ಜಲ್ಲಿ ಒಡೆಯಲು ಹೋಗಿದ್ದೆವು. ತೆಂಗಿನ ಮಡಲು ಹೊದಿಸಿದ ಬಿಡಾರ. ಎದುರಿಗೆ ಕಾಡು, ಹಿಂದೆ ಗುಡ್ಡ.

ಅವ್ವಿ ಎಂದರೆ ನನ್ನ ತಾಯಿ. ಕುಳ್ಳಗಿನ ಗಟ್ಟಿ ಹೆಂಗಸು, ಮಾತು ಕಡಿಮೆ. ಅಪ್ಪ ಸತ್ತಾಗ ನನಗೆ ಒಂಬತ್ತು ವರ್ಷ. ಅಲ್ಲಿಂದ ಮುಂದೆ ಅವ್ವಿ ಯಾರ ಎದುರೂ ಧ್ವನಿ ಏರಿಸಿದ್ದನ್ನು ನಾನು ಕೇಳಿರಲಿಲ್ಲ. ಅಪ್ಪ ಬದುಕಿದ್ದಾಗ ನನ್ನನ್ನು ಶಾಲೆಗೆ ಹಾಕಿದ್ದ. ಮೂರನೇ ಇಯತ್ತೆಯವರೆಗೆ ಶಾಲೆಯ ಹೊರಜಗಲಿಯಲ್ಲಿ ಕೂತು, ಬಾಗಿಲಿನಿಂದ ಕಾಣುವಷ್ಟು ಕರಿಹಲಗೆ ನೋಡಿ ನಾನು ಓದು ಬರಹ ಕಲಿತಿದ್ದೆ. ನಮ್ಮ ಗುಂಪಿನಲ್ಲಿ ಅಕ್ಷರ ಬಲ್ಲವಳು ನಾನೊಬ್ಬಳೇ.

ರಸ್ತೆಗೆ ಅಡ್ಡಲಾಗಿ ಒಂದು ಹಳ್ಳವಿತ್ತು. ಅದಕ್ಕೆ ಮೋರಿ ಕಟ್ಟಲು ಅಗಲವಾದ ಚಪ್ಪಡಿಗಳು ಬೇಕಾಗಿದ್ದವು. ನಮ್ಮ ಕಡೆ ಎಲ್ಲಿ ಅಗೆದರೂ ಕೆಂಪು ಚಿರೆಕಲ್ಲು. ಮೋರಿಯ ಮೇಲೆ ಹಾಸಲು ಅದು ಬರುವುದಿಲ್ಲ. ಗುತ್ತಿಗೆದಾರ ಕಾರವಾರದವನು, ಕೆಟ್ಟ ಮನುಷ್ಯನೇನಲ್ಲ, ಆದರೆ ಅವಸರದವನು. ಮಳೆ ಹಿಡಿಯುವುದರೊಳಗೆ ಕೆಲಸ ಮುಗಿಸಬೇಕಾಗಿತ್ತು. ಯಾರೋ ದನ ಕಾಯುವವರು ಅವನಿಗೆ ಗುಡ್ಡದ ನೆತ್ತಿಯಲ್ಲಿರುವ ಪಾಂಡವರ ಮನೆಯನ್ನು ತೋರಿಸಿದರು. ನಾಲ್ಕು ಕಡೆ ನಾಲ್ಕು ಕರಿಯ ಚಪ್ಪಡಿ ನಿಲ್ಲಿಸಿ, ಮೇಲೊಂದು ದೊಡ್ಡ ಚಪ್ಪಡಿ ಮುಚ್ಚಿದ್ದರು. ಅರ್ಧ ಮಣ್ಣಿನಲ್ಲಿ ಹೂತುಹೋಗಿತ್ತು. ಮೂಡಣ ದಿಕ್ಕಿನ ಕಲ್ಲಿನಲ್ಲಿ ಊಟದ ತಾಟಿನಷ್ಟು ಅಗಲದ ದುಂಡನೆಯ ಕಂಡಿ. ವನವಾಸದಲ್ಲಿ ಪಾಂಡವರು ಅದರೊಳಗೆ ಮಲಗುತ್ತಿದ್ದರು ಎಂದು ಜನ ಹೇಳುತ್ತಿದ್ದರು. ಅಷ್ಟು ಚಿಕ್ಕ ಮನೆಯಲ್ಲಿ ಭೀಮ ಹೇಗೆ ಮಲಗಿದ ಎಂದು ಯಾರೂ ಕೇಳುತ್ತಿರಲಿಲ್ಲ.

ಗಂಡಸರು ಹಾರೆ ಹಾಕಿ ಮೇಲಿನ ಚಪ್ಪಡಿಯನ್ನು ಪಕ್ಕಕ್ಕೆ ಸರಿಸಿದರು. ಪಡುವಣ ಕಲ್ಲು ಮೊದಲೇ ಓರೆಯಾಗಿತ್ತು. ಅದು ಮೋರಿಗೆ ಬಾರದು, ಜಲ್ಲಿ ಮಾಡಿ ಎಂದು ಮೇಸ್ತ್ರಿ ನಮಗೆ ಬಿಟ್ಟುಕೊಟ್ಟ. ನಾನು ದೊಡ್ಡ ಸುತ್ತಿಗೆ ಎತ್ತಿ ಹೊಡೆದೆ. ಮೂರನೆಯ ಏಟಿಗೆ ಕಲ್ಲು ಸೀಳಿತು. ಸೀಳಿದ ಕೂಡಲೇ ಅದರ ಹಿಂದಿನ ಮಣ್ಣು ಜರಿದು, ಒಂದು ಮಣ್ಣಿನ ಗಡಿಗೆ ಉರುಳಿ ನನ್ನ ಕಾಲ ಬಳಿ ಬಂದು ನಿಂತಿತು.

ಕರಿಯ ಗಡಿಗೆ. ತಿಗರಿಯ ಮೇಲೆ ಮಾಡಿದ್ದಲ್ಲ, ಕೈಯಿಂದ ತಟ್ಟಿ ಮಾಡಿದ್ದು. ಬೆರಳಿನ ಗುರುತು ಹಾಗೇ ಇತ್ತು. ಬಾಯಿ ಒಡೆದಿತ್ತು. ಒಳಗಿದ್ದದ್ದನ್ನು ನಾನು ಮೊದಲು ಒಣಗಿದ ಕಟ್ಟಿಗೆಯ ಚೂರು ಎಂದುಕೊಂಡೆ. ಅವ್ವಿ ಕುಕ್ಕುರುಗಾಲಲ್ಲಿ ಕೂತು ಕೈ ಹಾಕಿ ಒಂದೊಂದನ್ನೇ ತೆಗೆದಳು. ಎಲುಬು. ಉದ್ದನೆಯವನ್ನು ಒಂದು ಕಡೆ, ಬಾಗಿದವನ್ನು ಇನ್ನೊಂದು ಕಡೆ, ಅಚ್ಚುಕಟ್ಟಾಗಿ ಜೋಡಿಸಿ ತುಂಬಿಟ್ಟಿದ್ದರು. ಕೊನೆಗೆ ಒಂದು ದವಡೆ ಬಂತು. ಅವ್ವಿಯ ಅರ್ಧ ಅಂಗೈಯಷ್ಟೂ ಇರಲಿಲ್ಲ. ಮುಂದಿನ ಹಾಲುಹಲ್ಲು ನಾಲ್ಕು ಮೂಡಿದ್ದವು. ಹಿಂದಿನವು ಇನ್ನೂ ಎಲುಬಿನೊಳಗೇ ಇದ್ದವು.

ಅವ್ವಿ ಅದನ್ನು ಎಷ್ಟೋ ಹೊತ್ತು ಕೈಯಲ್ಲೇ ಹಿಡಿದಿದ್ದಳು. ಆಮೇಲೆ ಮೊದಲಿದ್ದ ಹಾಗೆಯೇ ಎಲ್ಲವನ್ನೂ ತಿರುಗಿ ಗಡಿಗೆಗೆ ತುಂಬಿ, ಕಲ್ಲುಗಳ ಒಳಗಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು ಎದ್ದು ನಿಂತು, "ಸುತ್ಗಿ ಕೆಳಗಿಡಿ" ಎಂದಳು. ಹನ್ನೆರಡು ಹೆಂಗಸರೂ ಇಟ್ಟೆವು.

ಗುತ್ತಿಗೆದಾರ ಬಂದ. ಗಡಿಗೆಯ ಸುದ್ದಿ ಕೇಳಿ ಅವನಿಗೆ ಮೊದಲು ಬಂದ ಯೋಚನೆ ನಿಧಿಯದ್ದು. ಇಬ್ಬರು ಗಂಡಸರನ್ನು ಒಳಗಿಳಿಸಿ ಮಣ್ಣು ಕೆದರಿಸಿದ. ಇನ್ನೂ ಮೂರು ಗಡಿಗೆ ಕಂಡವು. ಅವುಗಳಲ್ಲಿಯೂ ಎಲುಬೇ, ದೊಡ್ಡವರದ್ದು. ಅವನ ಆಸಕ್ತಿ ಇಳಿದುಹೋಯಿತು. ಗಡಿಗೆಗಳನ್ನು ಹಳ್ಳಕ್ಕೆ ಎಸೆದು ಕೆಲಸ ಮುಂದುವರಿಸಿ ಎಂದ. ಗಂಡಸರು ಅವ್ವಿಯ ಮುಖ ನೋಡಿದರು. ಅವ್ವಿ ಹೋಗಿ ಮೂಡಣ ಕಲ್ಲಿನ ಎದುರು ಕೂತಳು. ಅವಳ ಪಕ್ಕದಲ್ಲಿ ನಾನು ಕೂತೆ. ಕೂತದ್ದಕ್ಕೆ ನನ್ನಲ್ಲಿ ಆಗ ಯಾವ ವಿಚಾರವೂ ಇರಲಿಲ್ಲ, ಅವ್ವಿ ಕೂತಳು ಎಂಬುದಷ್ಟೇ ಕಾರಣ. ಉಳಿದವರೂ ಬಂದು ಕೂತರು.

ಗುತ್ತಿಗೆದಾರ ಬೈಯಲಿಲ್ಲ. ಕೊಡೆ ಮಡಚಿ ನೆಲಕ್ಕೆ ಊರಿ, ಸಾವಧಾನದಿಂದಲೇ ಕೇಳಿದ. "ಇದು ಯಾರ ಮಸಣ ಹೇಳು. ವಾರಸುದಾರರು ಇದ್ರೆ ಕರ್ಕಂಡು ಬಾ. ನಾಳೆನೇ ಬಿಟ್ಬಿಡ್ತೆ."

"ಕರ್ಕಂಡು ಬರೂದು ಯಂತಕೆ ಒಡ್ಯಾ, ನಾನೇ ಇದ್ದೆ ಅಲ್ದಾ ಇಲ್ಲಿ" ಎಂದಳು ಅವ್ವಿ.

"ನೀನು ಅವ್ರಿಗೆ ಯಂತ ಆಗ್ಬೇಕು?"

"ಅದು ನಂಗೆ ಗೊತ್ತಿಲ್ಲ. ಈ ಕಲ್ಲು ಹೊತ್ತು ಗುಡ್ಡ ಹತ್ತಿದವ್ರು ಅವ್ರು. ಕಲ್ಲು ಹೊರೂದು ಯಂತದು ಅಂತ ಇಲ್ಲಿ ನಮ್ಗೇ ಗೊತ್ತಿರೂದು."

ಅವನು ನಕ್ಕು, ನಾಲ್ಕು ದಿನದ ವಾಯಿದೆ ಕೊಟ್ಟ. ಅಷ್ಟರೊಳಗೆ ಸರಕಾರದ ಕಾಗದ ತಂದರೆ ಸರಿ, ಇಲ್ಲದಿದ್ದರೆ ಬೇರೆ ಊರಿನ ಆಳು ತರಿಸಿ ಒಡೆಸುತ್ತೇನೆ ಎಂದ. ನಾವು ತರಲಾರೆವು ಎಂದು ಅವನಿಗೆ ಖಾತ್ರಿ ಇತ್ತು.

ಅವ್ವಿಗೆ ಇದು ಎಲ್ಲಿಂದ ಬಂತು ಎಂದು ಉಳಿದ ಹೆಂಗಸರಿಗೆ ಆಶ್ಚರ್ಯ. ನನಗೆ ಗೊತ್ತಿತ್ತು. ನಮ್ಮಲ್ಲಿ ಸತ್ತವರನ್ನು ಹೂಳುತ್ತಿದ್ದರು. ಅಪ್ಪನನ್ನು ಒಡೆಯರ ಗದ್ದೆಯ ತುದಿಯ ಹುಲ್ಲುಬೇಣದಲ್ಲಿ ಹೂತಿದ್ದೆವು. ಮೂರು ವರ್ಷದ ಮೇಲೆ ಒಡೆಯರಿಗೆ ಅಲ್ಲಿ ತೆಂಗು ಹಾಕುವ ಮನಸ್ಸಾಯಿತು. ಗುಂಡಿ ತೋಡುವ ಕೂಲಿಗೆ ಬಂದವರಲ್ಲಿ ಅವ್ವಿಯೂ ಇದ್ದಳು. ಅಪ್ಪನ ಎಲುಬು ಮೇಲೆ ಬಂದಾಗ ಅವಳು ಬುಟ್ಟಿಯಲ್ಲಿ ಮಣ್ಣಿನ ಜೊತೆ ಹೊತ್ತು, ಹೇಳಿದ ಕಡೆ ಸುರಿದು ಬಂದಳು. ಮನೆಗೆ ಬಂದು ಗಂಜಿ ಕಾಸಿದಳು. ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಆ ದಿನ ಆಡದ ಮಾತನ್ನೇ ಈ ಗುಡ್ಡದ ಮೇಲೆ ಆಡುತ್ತಿದ್ದಾಳೆಂದು ನನಗೆ ತಿಳಿಯಿತು.

ಅರ್ಜಿ ಬರೆಯುವ ಕ್ರಮ ಕೇಳಲು ನಾವಿಬ್ಬರೂ ಶೆಟಗೇರಿಯಲ್ಲಿದ್ದ ಮುದುಕರಾದ ಶಾನಭೋಗರ ಹತ್ತಿರ ಹೋದೆವು. ಅವರು ಅಂಗಳದಲ್ಲಿ ನಿಲ್ಲಿಸಿಯೇ ಆದರೂ ಪೂರ್ತಿ ಕೇಳಿಸಿಕೊಂಡರು. ಕಾಗದವನ್ನೂ ಕೊಟ್ಟರು. ಒಂದು ಉಪಾಯವನ್ನೂ ಹೇಳಿದರು: ಸತ್ತವರ ಜಾಗ ಎಂದು ಬರೆದರೆ ಕಚೇರಿಯಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಹಿಂದಿನಿಂದ ಪೂಜೆ ನಡೆದು ಬಂದ ದೇವಸ್ಥಾನ ಎಂದು ಬರೆಯಿರಿ. ಜನರ ದೇವರನ್ನು ಮುಟ್ಟಿ ಇನ್ನೊಂದು ಗಲಾಟೆ ಮೈಮೇಲೆ ಎಳೆದುಕೊಳ್ಳಲು ಸರಕಾರಕ್ಕೆ ಈಗ ಇಷ್ಟವಿಲ್ಲ. ಹೋಗುವ ಮೊದಲು ಕಲ್ಲಿಗೆ ಕುಂಕುಮ ಹಚ್ಚಿ, ನಾಲ್ಕು ಹೂವು ಇಟ್ಟು ಹೋಗಿ.

ನನಗೆ ಅದು ಬಹಳ ಸರಿಕಂಡಿತು. ಬಿಡಾರಕ್ಕೆ ಬಂದು ಕಾಗದ ಬಿಡಿಸಿ, ಬರೆಯಲು ಕೂತೆ. ಏನು ಬರೆಯುತ್ತೀ ಎಂದು ಅವ್ವಿ ಕೇಳಿದಳು. ದೇವರ ಸ್ಥಾನ ಎಂದು ಓದಿ ಹೇಳಿದೆ.

"ದೇವ್ರು ಅಂತ ಬರೀಬೇಡ."

"ಬರದ್ರೆ ಉಳೀತದೆ ಅವ್ವಿ."

"ಉಳೀತದೆ. ಯಾರಿಗೆ ಉಳೀತದೆ? ಇಂದು ದೇವ್ರು ಅಂದ್ರೆ ನಾಳೆ ಗುಡಿ ಕಟ್ತ್ರು. ಪೂಜಿಗೆ ಒಬ್ರು ಬತ್ರು. ಸುತ್ತ ಪಾಗಾರ ಏಳ್ತದೆ. ಆಮೇಲೆ ನೀನೂ ನಾನೂ ಪಾಗಾರದ ಹೊರಗೆ ನಿಂತು ಕೈ ಮುಗೀಬೇಕು. ಅದ್ರೊಳಗಿರೂದು ಒಂದು ಕೂಸು. ಅದ್ರ ಹಲ್ಲು ನಾನು ನೋಡಿದ್ದೆ."

ನಾನು ಜಗಳ ಮಾಡಿದೆ. ಸುಳ್ಳು ಹೇಳಿ ಉಳಿಸುವುದು ಮೇಲೋ, ನಿಜ ಹೇಳಿ ಜಲ್ಲಿಯಾಗುವುದು ಮೇಲೋ ಎಂದು ಕೇಳಿದೆ. ಅವಳು ವಾದ ಮಾಡಲಿಲ್ಲ. ನಿನ್ನ ಅಪ್ಪನೂ ದೇವರಾಗಿರಲಿಲ್ಲ ಎಂದಳು, ಅಷ್ಟೇ. ನಾನು ಬರೆದದ್ದನ್ನು ಹೊಡೆದುಹಾಕಿ, ಕಾಗದದ ಇನ್ನೊಂದು ಬದಿಯಲ್ಲಿ ಹೊಸದಾಗಿ ಬರೆದೆ: ಹಿಲ್ಲೂರು ರಸ್ತೆಯ ಮೇಲ್ಗಡೆ ಗುಡ್ಡದಲ್ಲಿ ಸತ್ತವರನ್ನು ಇಟ್ಟ ಕಲ್ಲಿನ ಮನೆ ಇದೆ, ಅದರಲ್ಲಿ ಒಂದು ಕೂಸೂ ದೊಡ್ಡವರೂ ಇದ್ದಾರೆ, ಅದನ್ನು ಒಡೆಯುತ್ತಿದ್ದಾರೆ, ನಾವು ಒಡೆಯುವುದಿಲ್ಲ, ಬೇರೆಯವರು ಒಡೆಯಲೂ ಬಿಡುವುದಿಲ್ಲ. ಕೆಳಗೆ ಹನ್ನೆರಡು ಹೆಬ್ಬೆಟ್ಟು ಬೀಳಬೇಕಾಗಿತ್ತು. ಹನ್ನೊಂದು ಬಿತ್ತು, ನಾನು ಸಹಿ ಮಾಡಿದೆ.

ಕಾರವಾರಕ್ಕೆ ನಡೆದೇ ಹೋದೆವು. ಅಂಕೋಲೆಯಿಂದ ಅವರ್ಸೆ, ಅಲ್ಲಿಂದ ಅರ್ಗಾ, ಬಿಣಗಾ. ಕಾಲಿಗೆ ಏನೂ ಇಲ್ಲ. ಅರ್ಗೆಯ ಏರು ಹತ್ತುವಾಗ ಅವ್ವಿ ನನಗಿಂತ ಮುಂದಿದ್ದಳು. ಸಂಜೆ ಹೊತ್ತಿಗೆ ಊರು ಮುಟ್ಟಿ, ಬಂದರದ ಹತ್ತಿರ ಮೀನು ಒಣಗಿಸುವ ದೂರದ ಸಂಬಂಧಿಕಳೊಬ್ಬಳ ಜಗಲಿಯಲ್ಲಿ ಉಳಿದುಕೊಂಡೆವು. ಮರುದಿನ ಕಚೇರಿಯ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತೆವು.

ಅಲ್ಲಿನ ಕಾರಕೂನ ಅರ್ಜಿ ಓದಿ ತಿರುಗಿ ಕೊಟ್ಟ. ಮೃತರ ಹೆಸರಿಲ್ಲ, ಸತ್ತ ತಾರೀಖಿಲ್ಲ, ಅರ್ಜಿದಾರರಿಗೂ ಮೃತರಿಗೂ ಏನು ಸಂಬಂಧ ಎಂದಿಲ್ಲ, ಇಂಥ ಕಾಗದವನ್ನು ಒಳಗೆ ಕಳಿಸಿದರೆ ತನ್ನ ಕೆಲಸ ಹೋಗುತ್ತದೆ ಎಂದ. ಅವ್ವಿ ಮೆಟ್ಟಿಲಿನಿಂದ ಕದಲಲಿಲ್ಲ. ಬಿಸಿಲು ಏರಿತು. ಬಾಗಿಲಲ್ಲಿದ್ದ ಪಟ್ಟೆವಾಲ ಎರಡು ಸಲ ಬಂದು ಎಬ್ಬಿಸಿದ. ಎದ್ದು ಎರಡು ಹೆಜ್ಜೆ ಆಚೆ ಹೋಗಿ, ಅವನು ಒಳಗೆ ಹೋದೊಡನೆ ತಿರುಗಿ ಬಂದು ಕೂತೆವು. ಮಧ್ಯಾಹ್ನ ಊಟಕ್ಕೆಂದು ಹೊರಬಿದ್ದ, ಆ ಕಚೇರಿಯ ದೊಡ್ಡ ಅಧಿಕಾರಿ ಪ್ರಾಂತ ಸಾಹೇಬರು ನಮ್ಮನ್ನು ದಾಟಿಕೊಂಡೇ ಹೋಗಬೇಕಾಯಿತು. ಘಟ್ಟದ ಮೇಲಿನ ಕಡೆಯವರು, ತೆಳ್ಳಗೆ, ಕನ್ನಡಕ. ಅವರ ಕನ್ನಡದಲ್ಲಿ ಮರಾಠಿ ಹೆಚ್ಚು. ನಿಂತು ಕಾಗದ ಓದಿದರು. ಅವರು ಕೇಳಿದ್ದೂ ಅದನ್ನೇ: ಸತ್ತವರ ಹೆಸರೇನು?

ಅವ್ವಿ ಕೈ ಮುಗಿದುಕೊಂಡೇ ಕೇಳಿದಳು. "ಸಾಯ್ಬ್ರ ಅಜ್ಜನ ಅಜ್ಜ, ಅವ್ರ ಅಜ್ಜ. ಅವ್ರ ಹೆಸ್ರು ಯಂತದು?"

ಕಾರಕೂನ ನನ್ನ ಕಡೆ ಕಣ್ಣು ಬಿಟ್ಟ. ಸಾಹೇಬರು ಗೊತ್ತಿಲ್ಲ ಎಂದರು.

"ಹೆಸ್ರು ಗೊತ್ತಿಲ್ಲ ಅಂತ ಅವ್ರ ಎಲುಬಿನ ಮೇಲೆ ಗಾಡಿ ಹೊಡಿಲಿಕ್ಕೆ ಬಿಡ್ತ್ರಾ?"

  ಸಾಹೇಬರು ಕನ್ನಡಕ ತೆಗೆದು ಒರೆಸಿ, ತಿರುಗಿ ಹಾಕಿಕೊಂಡು, ಇಂಥ ಕಲ್ಲುಮನೆಗಳ ಬಗ್ಗೆ ಓದಿ ಬಲ್ಲವರಂತೆ, ಆ ಕಲ್ಲಿನಲ್ಲಿ ದುಂಡನೆಯ ಕಂಡಿ ಇದೆಯೇ ಎಂದು ಕೇಳಿದರು. ಇದೆ, ಮೂಡಣಕ್ಕೆ ಎಂದೆ ನಾನು. ಅವರು ಕಾರಕೂನನನ್ನು ಕರೆದು, ತಾವು ಬಂದು ನೋಡುವವರೆಗೆ ಅಲ್ಲಿ ಯಾರೂ ಕೈ ಹಚ್ಚಕೂಡದು ಎಂದು ಒಂದು ಚೀಟಿ ಬರೆಸಿದರು. ಅದನ್ನು ನಾನು ಓದಿ ನೋಡಿ, ಆಮೇಲೆ ತೆಗೆದುಕೊಂಡೆ.

ನಾಲ್ಕನೆಯ ದಿನ ಆ ಚೀಟಿಯನ್ನು ಗುತ್ತಿಗೆದಾರನ ಕೈಯಲ್ಲಿಟ್ಟಾಗ ಅವನು ಅದನ್ನು ಎರಡು ಸಲ ಓದಿದ. ವಾಯಿದೆಗೆ ಕಾಯದೆ ಅವನು ಸಾಗಿಸತೊಡಗಿದ್ದ ಮೇಲಿನ ಚಪ್ಪಡಿ ಅಷ್ಟರಲ್ಲಿ ಗುಡ್ಡದ ಅರ್ಧಕ್ಕೆ ಇಳಿದಿತ್ತು. ಅಲ್ಲಿಗೇ ನಿಂತಿತು.

ಹತ್ತು ಹನ್ನೆರಡು ದಿನದ ಮೇಲೆ ಸಾಹೇಬರು ಸರ್ಕೀಟಿಗೆ ಬಂದರು. ಜೊತೆಗೆ ಕಾರವಾರದ ಒಬ್ಬ ಮಾಸ್ತರರನ್ನು ಕರೆತಂದಿದ್ದರು. ಮನೆಮಾತು ಕೊಂಕಣಿಯ ಆ ಮಾಸ್ತರರು ತಮ್ಮ ಬಿಳಿಯ ಧೋತರದ ಪರಿವೆಯಿಲ್ಲದೆ ಮಣ್ಣಿನಲ್ಲಿ ಮಂಡಿಯೂರಿ, ಬೆರಳಿನಿಂದಲೇ ಮಣ್ಣು ಬಿಡಿಸಿದರು. ಗಡಿಗೆಗಳ ಮಧ್ಯೆ ಅವರಿಗೆ ಒಂದು ಕಲ್ಲಿನ ಕೊಡಲಿ ಸಿಕ್ಕಿತು. ನಮ್ಮ ಅಂಗೈಯಷ್ಟು ಉದ್ದ, ಹಸಿರು ಮಿಶ್ರಿತ ಕಪ್ಪು ಬಣ್ಣ, ಬಾಯಿ ಹರಿತ. ಕಬ್ಬಿಣದ ಚೂರು ಎಲ್ಲಿಯೂ ಇರಲಿಲ್ಲ. ಮಾಸ್ತರರು ಅದನ್ನು ನನ್ನ ಕೈಗೆ ಕೊಟ್ಟರು. ಸುತ್ತಿಗೆಯಿಂದ ಒಡೆದದ್ದಲ್ಲ ಅದು, ಇನ್ನೊಂದು ಕಲ್ಲಿನ ಮೇಲೆ ತಿಕ್ಕಿ ತಿಕ್ಕಿ ನುಣುಪು ಮಾಡಿದ್ದು. ಎಷ್ಟು ದಿನದ ಕೆಲಸ ಎಂದು ನನ್ನ ಕೈಗೆ ಕೂಡಲೇ ತಿಳಿಯಿತು.

ಅವರು ನಮಗೆ ಹೇಳಿದ್ದು ಇದು. ಕಬ್ಬಿಣ ಏನೆಂದೇ ಗೊತ್ತಿಲ್ಲದ ಕಾಲದ ಜನ ಇವರು. ಪಾಂಡವರಲ್ಲ, ರಾಕ್ಷಸರಲ್ಲ, ನಮ್ಮಷ್ಟೇ ಎತ್ತರದ ಮನುಷ್ಯರು. ಸತ್ತವರನ್ನು ಮೊದಲು ಬೇರೆ ಎಲ್ಲೋ ಇಟ್ಟು, ಎಲುಬು ಉಳಿದ ಮೇಲೆ ಆರಿಸಿ ತೊಳೆದು, ಗಡಿಗೆಯಲ್ಲಿ ತುಂಬಿ ಇಲ್ಲಿಗೆ ತರುತ್ತಿದ್ದಿರಬೇಕು. ತಮಗೆ ಇರಲು ಸೋಗೆಯ ಗುಡಿಸಲು, ಸತ್ತವರಿಗೆ ಕಲ್ಲಿನ ಮನೆ. ಮೂಡಣ ಕಂಡಿ ಯಾಕೆ ಇದ್ದೀತು ಎಂದು ಸಾಹೇಬರೂ ಮಾಸ್ತರರೂ ಮರಾಠಿಯಲ್ಲಿ ಚರ್ಚೆ ಮಾಡುತ್ತಿದ್ದರು. ಆತ್ಮ ಹೊರಗೆ ಹೋಗಲು ಎಂದರು ಒಬ್ಬರು, ನೈವೇದ್ಯ ಇಡಲು ಎಂದರು ಇನ್ನೊಬ್ಬರು. ಏನು ಹೇಳುತ್ತಿದ್ದಾರೆ ಎಂದು ಅವ್ವಿ ನನ್ನನ್ನು ಕೇಳಿದಳು. ಅಲ್ಲಿ ಇಲ್ಲಿ ತಿಳಿದಷ್ಟನ್ನು ನಾನು ಹೇಳಿದೆ. ಅವಳು ಹೋಗಿ ಕೂಸಿನ ಎಲುಬಿದ್ದ ಚಿಕ್ಕ ಗಡಿಗೆಯನ್ನು ತಂದು, ಕಂಡಿಯ ಎದುರು ಹಿಡಿದು, ಎರಡು ಕೈಯಿಂದ ಒಳಗೆ ತೂರಿಸಿ ತೋರಿಸಿದಳು. ಸರಿಯಾಗಿ ಹಿಡಿಸಿತು. ಮನೆಯಲ್ಲಿ ಮತ್ತೊಬ್ಬರು ಸತ್ತರೆ ಮೇಲಿನ ಚಪ್ಪಡಿಯನ್ನು ಮತ್ತೆ ಎತ್ತಲಿಕ್ಕಾಗುತ್ತದೆಯೇ ಎಂದಳು. ಮಾಸ್ತರರು ತಮ್ಮ ಪುಸ್ತಕದಲ್ಲಿ ಅದನ್ನು ಬರೆದುಕೊಂಡರು.

ಹೊರಡುವಾಗ ಸಾಹೇಬರು ಕೊಡಲಿಯನ್ನೂ ಗಡಿಗೆಗಳನ್ನೂ ಪೆಟ್ಟಿಗೆಗೆ ಹಾಕಿಸತೊಡಗಿದರು. ಮುಂಬಯಿಗೆ ಕಳಿಸಿದರೆ ತಿಳಿದವರು ನೋಡುತ್ತಾರೆ ಎಂದರು. ಅವ್ವಿ ಪೆಟ್ಟಿಗೆಗೆ ಅಡ್ಡ ನಿಂತಳು. ಕೊಡಲಿ ಒಯ್ಯಿರಿ, ಅದು ಸಾಮಾನು. ಜನರನ್ನು ಒಯ್ಯಬೇಡಿ ಎಂದಳು. ಸಾಹೇಬರ ಜೊತೆ ಬಂದಿದ್ದ ಪಟ್ಟೆವಾಲ ಅವಳ ರಟ್ಟೆ ಹಿಡಿದ. ಆಗ ನಾನೂ ಹೋಗಿ ನಿಂತೆ. ಈ ಸಲ ಅವ್ವಿ ನಿಂತಳೆಂದು ನಿಂತದ್ದಲ್ಲ. ಮಾಸ್ತರರು ಸಾಹೇಬರ ಕಿವಿಯಲ್ಲಿ ಏನೋ ಹೇಳಿದರು. ಗಡಿಗೆಗಳು ಕೆಳಗಿಳಿದವು. ಕೊಡಲಿ ಹೋಯಿತು. ಅದು ಎಲ್ಲಿ ಮುಟ್ಟಿತೋ ನನಗೆ ಇಂದಿಗೂ ಗೊತ್ತಿಲ್ಲ.

ಮೋರಿಗೆ ಬೇರೆ ಕಡೆಯಿಂದ ಕಲ್ಲು ತರಿಸಬೇಕೆಂದು ಗುತ್ತಿಗೆದಾರನಿಗೆ ಅಪ್ಪಣೆಯಾಯಿತು. ಅವನು ನಮ್ಮನ್ನು ಕೆಲಸದಿಂದ ಬಿಡಿಸಿದ. ಹೊರಡುವ ಮುಂಚೆ ನಾವು ಹೆಂಗಸರು ಇಡೀ ಒಂದು ದಿನ ಹಾರೆ, ಬಳ್ಳಿ, ಮರದ ದಿಮ್ಮಿ ಹಾಕಿ ಅರ್ಧ ಗುಡ್ಡದಲ್ಲಿದ್ದ ಚಪ್ಪಡಿಯನ್ನು ಮೇಲಕ್ಕೆ ಸಾಗಿಸಿದೆವು. ಒಬ್ಬಳ ಕಾಲಬೆರಳು ಜಜ್ಜಿತು. ಪಡುವಣ ಕಲ್ಲನ್ನು ನಾನು ಸೀಳಿದ್ದರಿಂದ ಅಲ್ಲಿ ಚಿರೆಕಲ್ಲು ಒಟ್ಟಿ ಆಸರೆ ಕೊಟ್ಟೆವು. ಇಂದಿಗೂ ಆ ಒಂದು ಬದಿ ಕೆಂಪಗಿದೆ.

ಆಮೇಲಿನ ದಿನಗಳು ಸುಲಭವಿರಲಿಲ್ಲ. ರಸ್ತೆಯ ಕೆಲಸ ಎಲ್ಲಿದ್ದರೂ ನಮ್ಮ ಹನ್ನೆರಡು ಜನರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಹೊಳೆಯಲ್ಲಿ ಬಳಚು ಹೆಕ್ಕಿ, ಅದರ ಚಿಪ್ಪನ್ನು ಸುಣ್ಣದ ಭಟ್ಟಿಗೆ ಹಾಕಿ ಎರಡು ಬೇಸಿಗೆ ದೂಡಿದೆವು. ನಮ್ಮವರೇ ಕೆಲವರು ಅವ್ವಿಯನ್ನು ಎದುರಿಗೇ ಬೈದರು. ಯಾರದ್ದೋ ಎಲುಬಿಗಾಗಿ ಬದುಕಿದ್ದವರ ಹೊಟ್ಟೆಗೆ ಕಲ್ಲು ಹಾಕಿದೆ ಎಂದರು.  ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಎರಡನೆಯ ವರ್ಷ ಗುಡ್ಡದ ಕೆಳಗಿನ ಊರಿನ ಕೆಲವರು ಮೂಡಣ ಕಲ್ಲಿಗೆ ಕುಂಕುಮ ಹಚ್ಚಿ, ಎದುರು ಒಂದು ಹಣತೆ ಇಟ್ಟರು. ಸಾಹೇಬರೇ ಬಂದು ಉಳಿಸಿದ ಕಲ್ಲೆಂದರೆ ಏನೋ ಶಕ್ತಿ ಇರಲೇಬೇಕು ಎಂದು ಸುದ್ದಿ ಹಬ್ಬಿತ್ತು. ಅವ್ವಿ ಒಂದು ಬೆಳಗ್ಗೆ ನನ್ನನ್ನು ಕರೆದುಕೊಂಡು ಅಲ್ಲಿಗೆ ಹೋದಳು. ಹಳ್ಳದಿಂದ ನೀರು ತಂದು ಸೆರಗು ಒದ್ದೆ ಮಾಡಿ ಕುಂಕುಮವನ್ನು ಪೂರಾ ಒರೆಸಿದಳು. ನೋಡಿದವರು ಕಣ್ಣು ಹೋಗುತ್ತದೆ ಎಂದರು. ಹೋಗಲಿಲ್ಲ. ಸಾಯುವವರೆಗೂ ಅವಳು ಸೂಜಿಗೆ ದಾರ ತಾನೇ ಪೋಣಿಸುತ್ತಿದ್ದಳು.

ದೂರು ಭಾವಿಕೇರಿಯವರೆಗೆ ಬಂತು. ಊರಿನ ಹಿರಿಯರು ಅವಳನ್ನು ಕರೆಸಿದರು. ದೇವರಿಗೆ ಅಪಚಾರ ಮಾಡಿದ್ದೀ, ತಪ್ಪಾಯಿತು ಎಂದು ಹೇಳಿ ತೆಂಗಿನಕಾಯಿ ಒಡೆ, ಇಲ್ಲಿಗೆ ಮುಗಿಸೋಣ ಎಂದರು. ಒಡೆಯರೂ ಅಲ್ಲಿದ್ದರು. ಅವ್ವಿ ಅವರ ಮುಖವನ್ನೇ ನೋಡಿ ಹೇಳಿದಳು. "ಅದು ದೇವ್ರಲ್ಲ ಒಡ್ಯಾ, ಸತ್ತವ್ರ ಮನೆ. ದೇವ್ರಾದ್ರೆ ಮಾತ್ರ ಬಿಡೂದು, ಮನಿಶ್ರಾದ್ರೆ ತೋಡಿ ಬಿಸಾಡೂದು, ಅದು ನಂಗೆ ಸಮಾ ಕಾಣೂದಿಲ್ಲ. ತಪ್ಪಾಯ್ತು ಅಂತ ನಾ ಹೇಳೂದಿಲ್ಲ."

 ನಮ್ಮ ಮನೆಯ ಒಲೆಗೆ ಯಾರೂ ಬೆಂಕಿ ಕೊಡಬಾರದು, ಬಾವಿಯ ಹತ್ತಿರ ಸೇರಿಸಬಾರದು ಎಂದು ತೀರ್ಮಾನವಾಯಿತು. ನಾಲ್ಕು ತಿಂಗಳು ಹೊಳೆಯ ಆಚೆಯಿಂದ ನೀರು ಹೊತ್ತೆವು. ಜಜ್ಜಿದ ಬೆರಳಿನವಳು ಮಾತ್ರ ಹಿತ್ತಿಲ ಬೇಲಿಯ ಸಂದಿಯಿಂದ ಕೆಂಡ ಕೊಡುತ್ತಿದ್ದಳು.

ಮಳೆ ಹಿಡಿಯಿತು. ನಾಟಿ ಶುರುವಾಯಿತು. ಅವ್ವಿಯಷ್ಟು ಬೇಗ ಸಸಿ ನೆಡುವವರು ಆ ಊರಿನಲ್ಲಿ ಇರಲಿಲ್ಲ. ಅಗೆಯ ಸಸಿ ಬಲಿಯುತ್ತಿದೆ ಎಂದು ಒಡೆಯರ ಮನೆಯಿಂದ ಕರೆಯಲು ಬಂದರು. ಮೊದಲು ಬಾವಿ ಬಿಡಿ ಎಂದಳು ಅವ್ವಿ. ಬಂದವರು ತಿರುಗಿ ಹೋದರು. ಎರಡು ದಿನ ಯಾರೂ ಬರಲಿಲ್ಲ. ಮೂರನೆಯ ದಿನ ಬಂದು, ಬಾವಿಗೆ ಹೋಗಬಹುದಂತೆ ಎಂದರು. ಅವ್ವಿ ಕೊಡ ತೆಗೆದುಕೊಂಡು ನಿಧಾನವಾಗಿ ಹೋಗಿ, ಎಲ್ಲರೂ ನೋಡುವಂತೆ ನೀರು ಸೇದಿ, ಮನೆಗೆ ತಂದಿಟ್ಟು, ಮಳೆಗೆ ಹೊದೆಯುವ ಗೊರಬನ್ನು ತಲೆಗೆ ಹಾಕಿಕೊಂಡಳು. ಆಮೇಲೆ ನಾವಿಬ್ಬರೂ ಗದ್ದೆಗೆ ಇಳಿದೆವು.